ಹೊಲವಿಲ್ಲದ ಮನೆಗೂ ಕೃಷಿ ವಿದ್ಯೆ ಸಲ್ಲುತ್ತದೆ

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕೇಳಿಬರುವ ಹೆಸರುಗಳು ಮೂರೋ ನಾಲ್ಕೋ: ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಅಂಕಗಳು ಕೈಹಿಡಿದರೆ ವೈದ್ಯಕೀಯ. ಕೃಷಿ ಪದವಿಯ ಮಾತೆತ್ತಿದರೆ ಪಾಲಕರ ಉತ್ತರ ಸಿದ್ಧವಾಗಿರುತ್ತದೆ: "ನಮಗೆ ಹೊಲವೆಲ್ಲಿದೆ?" ಬೈರಿದೇವರಕೊಪ್ಪದಲ್ಲಿ ಈ ಉತ್ತರ ಸಹಜವೆಂದೇ ತೋರುತ್ತದೆ. ಅವಳಿನಗರಗಳ ನಡುವೆ ಸಿಕ್ಕ ಈ ಊರಿನ ಹೊಲಗಳು ಬಡಾವಣೆಗಳಾದವು. ಊರ ಮುಂದಿನ ಹೆದ್ದಾರಿಯಲ್ಲಿ 2018ರಿಂದ ಚಿಗರಿ ಬಸ್ಸು ಓಡುತ್ತಿದೆ. ಆದರೂ ಆ ಉತ್ತರವನ್ನು ಒಪ್ಪಲು ನನ್ನಿಂದಾಗದು. ವೈದ್ಯನಾಗಬಯಸುವ ಹುಡುಗನನ್ನು ನಿನಗೆ ಸ್ವಂತ ಆಸ್ಪತ್ರೆ ಇದೆಯೇ ಎಂದು ಯಾರೂ ಕೇಳುವುದಿಲ್ಲವಷ್ಟೆ.

ಸುಗ್ಗಿಯ ಕಾಲದಲ್ಲಿ ನೆರೆಯ ಅಮರಗೋಳದ ಎಪಿಎಂಸಿ ಪ್ರಾಂಗಣವನ್ನೊಮ್ಮೆ ಸುತ್ತಿ ಬರಬೇಕು. ಅಲ್ಲಿನ ಚೀಲಗಳ ಹಿಂದೆ ರೈತನ ಬೆವರಿರುವಂತೆ ವಿಜ್ಞಾನಿಯ ದುಡಿಮೆಯೂ ಇದೆ. ಕಡಲೆಯ ಹೆಸರಾಂತ ತಳಿ ಅಣ್ಣಿಗೇರಿ-1 ನಮ್ಮ ಜಿಲ್ಲೆಯ ಊರಿನ ಹೆಸರನ್ನೇ ಹೊತ್ತಿದೆ. ಹತ್ತಿಯ ಕಥೆ ಇನ್ನೂ ದೊಡ್ಡದು. ಎರಡು ಭಿನ್ನ ಜಾತಿಯ ಹತ್ತಿಗಳನ್ನು ಕೂಡಿಸಿ ಡಾ. ಬಿ.ಎಚ್. ಕಾತರಕಿಯವರು ಧಾರವಾಡದಲ್ಲಿ ರೂಪಿಸಿದ 'ವರಲಕ್ಷ್ಮಿ' 1972ರಲ್ಲಿ ರೈತರ ಕೈಸೇರಿತು. ಇಂಥ ಸಂಕರಣ ಬೀಜವನ್ನು ಪ್ರತಿವರ್ಷ ಹೊಸದಾಗಿಯೇ ಸಿದ್ಧಪಡಿಸಬೇಕು. ಇಳಿಹೊತ್ತಿನಲ್ಲಿ ಮೊಗ್ಗಿನ ಕೇಸರಗಳನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಗ್ಗೆ ಇನ್ನೊಂದು ಗಿಡದ ಪರಾಗವನ್ನು ಅದಕ್ಕೆ ಸವರುವ ಕೆಲಸವದು. ಒಬ್ಬ ವಿಜ್ಞಾನಿಯ ಸಾಧನೆಯಿಂದ ಸಾವಿರಾರು ಕೈಗಳಿಗೆ, ಅದರಲ್ಲೂ ಹೆಂಗಸರಿಗೆ, ಉದ್ಯೋಗ ದೊರೆಯಿತು. ಬೀಜ ಪರೀಕ್ಷಿಸುವವರು, ಪ್ರಮಾಣೀಕರಿಸುವವರು, ಮಾರುವವರು ಬೇಕಾದರು. ಇವರಾರಿಗೂ ಸ್ವಂತ ಹೊಲವಿರಬೇಕೆಂಬ ನಿಯಮವಿಲ್ಲ.

ಧಾರವಾಡದ ಕೃಷಿ ಕಾಲೇಜು 1947ರದು. 1986ರಲ್ಲಿ ಅದರ ಸುತ್ತ ಕೃಷಿ ವಿಶ್ವವಿದ್ಯಾಲಯವೇ ಬೆಳೆಯಿತು. ಅರಣ್ಯಶಾಸ್ತ್ರ ಓದುವವರಿಗೆ ಅದೇ ವಿಶ್ವವಿದ್ಯಾಲಯದ ಕಾಲೇಜು ಶಿರಸಿಯಲ್ಲಿದೆ. ಪದವಿ ನಾಲ್ಕು ವರ್ಷದ್ದು. ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸವಿದ್ದು ಕಲಿಯಬೇಕು. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳುಂಟು, ಅದಕ್ಕೆ ಬೀಜ, ಸಲಕರಣೆ ಗುರುತಿಸುವ ಪ್ರತ್ಯೇಕ ಪರೀಕ್ಷೆಯೂ ಉಂಟು. ಉಳಿದ ಸೀಟುಗಳಿಗೆ ಸಿಇಟಿಯೇ ದಾರಿ. ಪಾಲಕರು ಗಮನಿಸಬೇಕಾದುದೆಂದರೆ, ಪಿಯುಸಿಯಲ್ಲಿ ಜೀವಶಾಸ್ತ್ರವನ್ನು ಬಿಟ್ಟರೆ ಈ ದಾರಿ ಬಹುಮಟ್ಟಿಗೆ ಅಂದೇ ಮುಚ್ಚುತ್ತದೆ.

ಪದವಿಯವರೆಗೆ ಓದಲಾಗದವರಿಗೆ ಅರಣ್ಯ ಇಲಾಖೆಯಿದೆ. ಗಸ್ತು ಅರಣ್ಯ ಪಾಲಕರ ಹುದ್ದೆಗೆ ಪಿಯುಸಿ ಸಾಕು. ಸೈನ್ಯ, ಪೊಲೀಸು ಎಂದು ನಸುಕಿನಲ್ಲೆದ್ದು ಓಡುವ ನಮ್ಮ ಹುಡುಗರಿಗೆ ಅದೇ ಓಟ ಇಲ್ಲಿಯೂ ನೆರವಾದೀತು. ಇಲಾಖೆಯ ಅರಣ್ಯ ಅಕಾಡೆಮಿ ಇರುವುದು ಧಾರವಾಡದ ಪಕ್ಕದ ಗುಂಗರಗಟ್ಟಿಯಲ್ಲಿಯೇ ಎಂಬುದನ್ನು ಎಷ್ಟು ಮನೆಗಳು ಬಲ್ಲವೋ!

ಇದೆಲ್ಲ ಸುಗಮವೆಂದು ನಾನು ಹೇಳಲಾರೆ. ಸರಕಾರಿ ನೇಮಕಾತಿ ವರ್ಷಗಟ್ಟಲೆ ಕಾಯಿಸುತ್ತದೆ. ಕಾಡಿನ ನೌಕರಿ ಮನೆಮಂದಿಯನ್ನು ಅಗಲಿಸುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಮುಂದೆ ನಿಲ್ಲಿಸುತ್ತದೆ. ಕೃಷಿ ಪದವೀಧರರಲ್ಲಿ ಅನೇಕರು ಕಡೆಗೆ ಬ್ಯಾಂಕಿನ ಮೇಜು ಹಿಡಿಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ರೈತನ ಸಾಲದ ಅರ್ಜಿಯನ್ನು ಬೆಳೆಯ ಗುಣ ಬಲ್ಲವನು ಓದಿದರೆ ಒಳಿತೇ ಆಯಿತು.

ಪೋಪ್ 23ನೇ ಜಾನ್‌ರವರು ಇಟಲಿಯಲ್ಲಿ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. 1961ರ ತಮ್ಮ ವಿಶ್ವಪರಿಪತ್ರದಲ್ಲಿ ಅವರು ರೈತರಿಗೆ ಸಾಲಸೌಲಭ್ಯ, ವಿಮೆ, ನ್ಯಾಯವಾದ ಬೆಲೆ, ತಕ್ಕ ಶಿಕ್ಷಣ ದೊರೆಯಬೇಕೆಂದು ವಿವರವಾಗಿ ಬರೆದರು. ಈ ಒಂದೊಂದನ್ನೂ ರೈತನ ಬಾಗಿಲಿಗೆ ಮುಟ್ಟಿಸಲು ಓದಿದವರು ಬೇಕಲ್ಲವೇ?

ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸಪ್ಟೆಂಬರ್‌ನಲ್ಲಿ ನಡೆಯುತ್ತದೆ. ನಮ್ಮ ಧರ್ಮಕೇಂದ್ರಗಳ ಯುವಕ ಸಂಘದವರು ಒಂದು ವಾಹನ ಗೊತ್ತುಮಾಡಿ, ಹತ್ತನೆಯ ಇಯತ್ತೆಯ ಮಕ್ಕಳನ್ನು ಈ ಸಲ ಅಲ್ಲಿಗೆ ಕರೆದೊಯ್ಯಲಿ. ಪಾಲಕರೂ ಜೊತೆಗೆ ಹೋದರೆ ಇನ್ನೂ ಚೆನ್ನು.