ಕಡಲಿಗೆ ಬೆನ್ನು ಹಾಕಿದ ಹಡಗು

ಕ್ರೂಸ್ ಹತ್ತಿ ಬೇಸರಪಟ್ಟು ಬಂದವರಿಗೆ ಒಂದು ಸಿದ್ಧ ಸಮಾಧಾನ ಕಾದಿರುತ್ತದೆ: ‘ನೀವು ಹೋದದ್ದು ಚಿಕ್ಕ ಹಡಗು, ಮುಂದಿನ ಸಲ ದೊಡ್ಡದಕ್ಕೆ ಹೋಗಿ.’ ಮಾರುವವರು ಹೀಗೆ ಹೇಳುವುದು ಸಹಜ. ವಿಚಾರವಂತರೂ ಹೇಳುತ್ತಾರಲ್ಲ, ಅದು ಸೋಜಿಗ. ಬೆಂಗಳೂರಿನ ಪೂರ್ವ ಭಾಗದವರಿಗೆ ಕ್ರೂಸ್ ಈಗ ದೂರದ ಮಾತಲ್ಲ. ದಂಡು ಸ್ಟೇಷನ್ನಿನಲ್ಲೋ ಕೆ.ಆರ್. ಪುರದಲ್ಲೋ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಚೆನ್ನೈ. ಅಲ್ಲಿಂದ 2022ರ ಜೂನ್‌ನಲ್ಲಿ ‘ಎಂಪ್ರೆಸ್’ ಎಂಬ ಹಡಗು ಪ್ರವಾಸಿಗರನ್ನು ಹತ್ತಿಸಿಕೊಂಡು ಹೊರಡತೊಡಗಿತು. ಅದರ ಪ್ರವಾಸಗಳಲ್ಲೊಂದರ ಹೆಸರು ‘ಹೈ ಸೀ’: ಎರಡು ರಾತ್ರಿ ನೀರಿನ ಮೇಲಿದ್ದು, ಯಾವ ಊರನ್ನೂ ಮುಟ್ಟದೆ, ಬಿಟ್ಟ ಬಂದರಿಗೇ ವಾಪಸು. ಇಂಥ ಪ್ರವಾಸ ನಿರಾಶೆ ತರುವುದು ಹಡಗು ಕೊಟ್ಟ ಮಾತು ತಪ್ಪಿದ್ದಕ್ಕಲ್ಲ, ಉಳಿಸಿಕೊಂಡದ್ದಕ್ಕೆ ಎಂಬುದು ನನ್ನ ವಾದ. ‘ನಿಮಗೆ ಬೇಕಾದದ್ದೆಲ್ಲ ಒಳಗೇ ಇದೆ’ ಎಂಬುದು ಆ ಮಾತು. ಎಲ್ಲವೂ ಒಳಗೇ ಇದ್ದ ಮೇಲೆ ಹೊರಗಿನ ಕಡಲಿಗೆ ಕೆಲಸವೇನು? ಹಾಗಾಗಿ ಹಡಗು ಬೆಳೆದಷ್ಟೂ ಬೇಸರವೂ ಬೆಳೆಯುತ್ತದೆ.

2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ‘ಐಕನ್ ಆಫ್ ದ ಸೀಸ್’ ನೋಡಿ. ಅದರ ಗ್ರಾಸ್ ಟನೇಜ್ ಸುಮಾರು 2,48,000. ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ. ಟೈಟಾನಿಕ್‌ನದು 46,000 ಚಿಲ್ಲರೆ ಇತ್ತು. ಇಪ್ಪತ್ತು ಅಂತಸ್ತು, ಏಳು ಈಜುಕೊಳ, ಆರು ಜಾರುಬಂಡಿ, ನಡುವೆ ನಿಜವಾದ ಗಿಡಗಳ ಒಂದು ಪಾರ್ಕು. ಸುತ್ತ ಒಂದು ಮಹಾಸಾಗರವನ್ನೇ ಇಟ್ಟುಕೊಂಡು ಏಳು ಕೊಳ ತೋಡಿದವರ ಲೆಕ್ಕಾಚಾರದಲ್ಲಿ ದಡ್ಡತನವಿಲ್ಲ. ಟಿಕೆಟ್ಟಿನ ದುಡ್ಡು ಹಾಸಿಗೆಗೆ, ಊಟಕ್ಕೆ. ಲಾಭದ ದೊಡ್ಡ ಪಾಲು ಬರುವುದು ಬಾರು, ಕ್ಯಾಸಿನೊ, ಸ್ಪಾ, ಅಂಗಡಿಗಳಿಂದ. ಕಟಕಟೆಗೆ ಒರಗಿ ಅಲೆ ನೋಡುತ್ತ ನಿಂತವನಿಂದ ಹಡಗಿಗೆ ಮೂರು ಕಾಸಿನ ಹುಟ್ಟುವಳಿಯಿಲ್ಲ. ಅವನನ್ನು ಹೇಗಾದರೂ ಒಳಗೆ ಕರೆಯಬೇಕು. ಹಡಗು ಹೊಯ್ದಾಡಿದರೆ ಕುಡಿಯುವವನ ಲೋಟ ಚೆಲ್ಲುತ್ತದೆ, ಆದ್ದರಿಂದ ನೀರಿನಡಿ ರೆಕ್ಕೆ ಚಾಚಿ ಆ ಹೊಯ್ದಾಟವನ್ನೂ ಹತ್ತಿಕ್ಕಬೇಕು. ಎಲ್ಲಕ್ಕಿಂತ ಅಗ್ಗದ ಕೋಣೆ ಒಳಗಡೆಯದು, ಅದಕ್ಕೆ ಕಿಟಕಿಯೇ ಇರುವುದಿಲ್ಲ. ಹಲಸೂರು ಕೆರೆಯ ದೋಣಿಯಲ್ಲಿ ಕೂತವನಿಗೆ ನೀರಾದರೂ ಕೈಗೆ ಎಟುಕುತ್ತದೆ, ವಾಸನೆ ಸಮೇತ. ಇಲ್ಲಿ ಸಿಗುವುದು ಇಂದಿರಾನಗರದ ನೂರಡಿ ರಸ್ತೆ: ಅದೇ ದೀಪ, ಅದೇ ಸಂಗೀತದ ಸದ್ದು, ಟೇಬಲ್ಲಿಗಾಗಿ ಅದೇ ಕಾಯುವಿಕೆ. ಆ ರಸ್ತೆಯಿಂದ ತಪ್ಪಿಸಿಕೊಳ್ಳಲು ರಜೆ ಹಾಕಿದವರಿಗೆ ಅದನ್ನೇ ನೀರಿನ ಮೇಲೆ ಹಾಸಿ ಕೊಟ್ಟರೆ ಬೇಸರವಾಗದೆ ಇನ್ನೇನಾದೀತು?

ಹಡಗು ಬರಿಯ ವಾಹನವಾಗಿದ್ದ ಕಾಲ ಬೇರೆ ಇತ್ತು. ಕಡಲು ಕಾಣದ ನಮ್ಮ ದಂಡು ಪ್ರದೇಶ ಬೆಳೆದದ್ದೇ ಹಡಗಿನಲ್ಲಿ ಬಂದವರಿಂದ. 1896ರ ಸೆಪ್ಟೆಂಬರಿನಲ್ಲಿ ನಾಲ್ಕನೆಯ ಹುಸ್ಸಾರ್ ಕುದುರೆದಳದ ಜೊತೆ ಸೌತಾಂಪ್ಟನ್ನಿನಿಂದ ‘ಬ್ರಿಟಾನಿಯಾ’ ಹತ್ತಿದ ವಿನ್‌ಸ್ಟನ್ ಚರ್ಚಿಲ್ ಎಂಬ ಇಪ್ಪತ್ತೊಂದರ ಹುಡುಗ ಮುಂಬಯಿ ಮುಟ್ಟಲು ಇಪ್ಪತ್ತಮೂರು ದಿನ ಹಿಡಿಯಿತು. ದಡ ಕಂಡದ್ದೇ ತಡ, ತಾಳ್ಮೆಗೆಟ್ಟು ಪುಟ್ಟ ದೋಣಿಗೆ ಇಳಿದ. ಸಾಸೂನ್ ಡಾಕಿನ ಒದ್ದೆ ಮೆಟ್ಟಿಲ ಬಳಿ ಗೋಡೆಯ ಕಬ್ಬಿಣದ ಬಳೆ ಹಿಡಿದ ಗಳಿಗೆಗೇ ಅಲೆ ದೋಣಿಯನ್ನು ಅತ್ತ ಎಳೆಯಿತು, ಬಲಭುಜ ಕಳಚಿತು. ಬೆಂಗಳೂರಿಗೆ ಆತ ಬಂದದ್ದು ಆ ನೋವು ಹೊತ್ತು. ಮುಂದೆ ಪೋಲೊ ಆಡುವಾಗಲೂ ತೋಳಿಗೆ ಪಟ್ಟಿ ಬಿಗಿದುಕೊಳ್ಳಬೇಕಾಯಿತು, ಭುಜ ಕೊನೆತನಕ ಕಾಡಿತು. ಅಂಥದು ಪ್ರವಾಸಿಗರಿಗೂ ಆಗಲಿ ಎಂದು ಯಾರೂ ಹಾರೈಸುವುದಿಲ್ಲ. ಆದರೆ ಆ ಕಡಲು ಇನ್ನೂ ಮನುಷ್ಯನ ಮರ್ಜಿ ಕಾಯುತ್ತಿರಲಿಲ್ಲ. 1936ರಲ್ಲಿ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೊರಟದ್ದು ಓದಲಿಕ್ಕೆ, ಕಡಲು ನೋಡಲಿಕ್ಕಲ್ಲ. ಆದರೂ ಆ ಯಾನದ ಫಲವಾಗಿ ಕನ್ನಡಕ್ಕೆ ‘ಸಮುದ್ರಗೀತೆಗಳು’ ಸಿಕ್ಕಿತು. ಆ ಕಾಲದ ಹಡಗುಗಳಲ್ಲೂ ಕುಣಿತ, ಆಟ, ಇಸ್ಪೀಟು ಇದ್ದೇ ಇದ್ದವು. ಆದರೆ ದಿನಗಳು ಉದ್ದವಾಗಿದ್ದವು. ಮಾಡಲು ಏನೂ ತೋಚದ ಗಳಿಗೆಯಲ್ಲಿ ಕಣ್ಣು ತಾನಾಗಿ ನೀರಿನತ್ತ ಹೋಗುತ್ತಿತ್ತು. ಇಂದಿನ ಹಡಗು ಇಷ್ಟೆಲ್ಲ ಖರ್ಚು ಮಾಡುವುದು ಆ ಒಂದು ಗಳಿಗೆ ಬಾರದಿರಲಿ ಎಂದೇ.

ಇದಕ್ಕೆ ತೂಕದ ಆಕ್ಷೇಪವೊಂದಿದೆ. ವರ್ಷಪೂರ್ತಿ ಬೆಳಗ್ಗೆ ಡಬ್ಬಿ ಕಟ್ಟಿ, ರಾತ್ರಿ ಪಾತ್ರೆ ತೊಳೆದ ಹೆಂಗಸಿಗೆ ಮೂರು ದಿನ ಯಾರೋ ಬಡಿಸಿದ್ದನ್ನು ಉಣ್ಣುವುದೇ ಲೋಕಯಾತ್ರೆ; ಮಂಡಿ ನೋವಿನ ಅಜ್ಜಿಗೆ ಬೇಲೂರು ಹಳೇಬೀಡಿನ ಮೆಟ್ಟಿಲಿಗಿಂತ ಹಡಗಿನ ಲಿಫ್ಟು ದೊಡ್ಡ ಕರುಣೆ. ಕಡಲಿನ ಕಾವ್ಯ ಗೊತ್ತಿಲ್ಲವೆಂದು ಇವರನ್ನು ಕೀಳಾಗಿ ಕಾಣುವವರಿಗೆ ಅಡುಗೆಮನೆಯ ಬಿಸಿ ತಾಗಿಲ್ಲ. ಆಕ್ಷೇಪ ಪೂರ್ತಿ ಒಪ್ಪತಕ್ಕದ್ದು, ಮತ್ತು ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ: ವಿಶ್ರಾಂತಿ ಬಯಸಿ ಹೋದವರಿಗೆ ವಿಶ್ರಾಂತಿ ಸಿಗುತ್ತದೆ. ನಿರಾಶರಾಗುವವರು ಯಾತ್ರೆ ಬಯಸಿ ಹೋದವರು. ಜನಜಂಗುಳಿ, ಕ್ಯೂ, ದುಬಾರಿ ನೀರಿನ ಬಾಟಲಿಯೇ ಬೇಸರದ ಮೂಲ, ವ್ಯವಸ್ಥೆ ಸುಧಾರಿಸಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ತಿರುಪತಿಯಲ್ಲಿ ಗಂಟೆಗಟ್ಟಲೆ ಕ್ಯೂ ನಿಂತವರು ದಣಿದೆ ಎನ್ನುತ್ತಾರೆ, ಮೋಸಹೋದೆ ಎನ್ನುವುದಿಲ್ಲ. ಸೆಪ್ಟೆಂಬರಿನ ಹಬ್ಬಕ್ಕೆ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಸುತ್ತ ಕಿಕ್ಕಿರಿಯುವವರದೂ ಅದೇ ಕಥೆ. ಕ್ಯೂವಿನ ತುದಿಯಲ್ಲಿ ನಮ್ಮ ಅನುಕೂಲಕ್ಕೆಂದು ಹುಟ್ಟದ ಏನೋ ಒಂದಿದ್ದರೆ ಕಾಲುನೋವು ಲೆಕ್ಕಕ್ಕೆ ಬರುವುದಿಲ್ಲ. ತುದಿಯಲ್ಲಿ ಬಫೆಯ ನೂಡಲ್ಸ್ ಮಾತ್ರ ಇದ್ದರೆ ಎರಡು ನಿಮಿಷವೂ ಅವಮಾನ. ಇನ್ನು, ಫೋಟೊ ಚೆನ್ನಾಗಿ ಬಂತಲ್ಲ ಎನ್ನುವವರಿಗೆ ಸ್ಟುಡಿಯೊ ಸಾಕು.

ಹಡಗು ಊರುಗಳನ್ನೂ ಮುಟ್ಟುತ್ತದಲ್ಲ ಎನ್ನಬಹುದು. ಮುಟ್ಟುವ ಬಗೆಯನ್ನು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ನೋಡಿದರೆ ಸಾಕು. ಬೆಳಗ್ಗೆ ವಿದೇಶಿ ಕ್ರೂಸ್ ಬಂದು ನಿಲ್ಲುತ್ತದೆ; ಇಳಿದವರನ್ನು ಬಸ್ಸುಗಳಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ, ಒಂದು ಗೋಡಂಬಿ ಕಾರ್ಖಾನೆ ಎಂದು ಸುತ್ತಿಸಿ ಸಂಜೆಗೆ ಮತ್ತೆ ಹತ್ತಿಸುತ್ತಾರೆ. ಹದಿನೈದನೆಯ ಶತಮಾನದ ಬಸದಿಗೆ ಸಿಗುವುದು ಊಟಕ್ಕೆ ಮುಂಚಿನ ಒಂದಿಷ್ಟು ಹೊತ್ತು. ನಾವು ಬೇರೆ ಬಂದರುಗಳಲ್ಲಿ ಇಳಿದಾಗ ಅಲ್ಲಿನವರ ಕಣ್ಣಿಗೂ ಹೀಗೆಯೇ ಕಾಣುತ್ತೇವೆ. ವೆನಿಸ್ ನಗರಕ್ಕೆ ಸಾಕಾಗಿಹೋಗಿ, 2021ರ ಆಗಸ್ಟಿನಿಂದ ಇಟಲಿ ಸರ್ಕಾರ ದೊಡ್ಡ ಹಡಗುಗಳನ್ನು ಅಲ್ಲಿನ ಮುಖ್ಯ ಕಾಲುವೆಗಳಿಂದ ದೂರವಿಟ್ಟಿದೆ.

ಇಷ್ಟಾದ ಮೇಲೂ ಹೋಗಲೇಬೇಕೆಂದಿದ್ದರೆ ದೊಡ್ಡ ಹಡಗು ಹುಡುಕಬೇಡಿ; ಇದ್ದುದರಲ್ಲೇ ಕಿಟಕಿಯಿರುವ ಕೋಣೆ ಕೇಳಿ. ಕಡಲು ಕಾಣುವುದಕ್ಕೆ ಅಲ್ಲಿ ಬೇರೆ ದುಡ್ಡು ಕೊಡಬೇಕಾಗುತ್ತದೆ.