ಪೋಕರ್ ಆಟವೂ ಪಣದ ವಿವೇಕವೂ

ಇಸ್ಪೀಟು ಸೋಮಾರಿಗಳ ಕಾಲಹರಣವೆಂದು ಹಿರಿಯರು ಹೇಳುವುದುಂಟು. ಪೋಕರ್ ಬುದ್ಧಿವಂತರ ಆಟ, ಅದರಲ್ಲಿ ಹಣ ಒಡ್ಡಿದರೆ ಜೂಜಾಗದೆಂದು ನಮ್ಮ ವಯಸ್ಸಿನ ಹಲವರು ವಾದಿಸುವುದೂ ಉಂಟು. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆಯೆಂಬುದು ನನ್ನ ಅಭಿಪ್ರಾಯ. ಉಳಿದರ್ಧವನ್ನು ತಿಳಿಯಬೇಕಾದರೆ ಆಟದ ಒಳಹೊಕ್ಕು ನೋಡಬೇಕು.

ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿ, 1970ರಲ್ಲಿ ಮೊದಲಾದ ಲಾಸ್ ವೇಗಾಸಿನ ವಿಶ್ವಸ್ಪರ್ಧೆಗಳಿಂದ ಹೆಸರಾದ ಟೆಕ್ಸಾಸ್ ಹೋಲ್ಡೆಮ್ ಎಂಬ ಪ್ರಕಾರವನ್ನೇ ತೆಗೆದುಕೊಳ್ಳೋಣ. ಪ್ರತಿಯೊಬ್ಬನಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಅವನ್ನು ನೋಡಿಕೊಂಡು ಮೊದಲ ಸುತ್ತಿನ ಪಣ. ಅನಂತರ ಎಲ್ಲರಿಗೂ ಸಾಮಾನ್ಯವಾದ ಮೂರು ಎಲೆಗಳನ್ನು ಒಮ್ಮೆಗೇ ತೆರೆದಿಡುತ್ತಾರೆ. ಇದೇ ಫ್ಲಾಪ್. ಆಮೇಲೆ ನಾಲ್ಕನೆಯದು, ಐದನೆಯದು. ಒಂದೊಂದಕ್ಕೂ ಮತ್ತೆ ಪಣ. ಉಳಿದವರೆಲ್ಲ ಎಲೆ ಕೆಳಗಿಟ್ಟರೆ ಉಳಿದವನೇ ಗೆದ್ದಂತೆ. ಇಲ್ಲವಾದರೆ ಏಳರಲ್ಲಿ ಆಯ್ದ ಐದು ಎಲೆಗಳ ಬಲ ಗೆಲ್ಲುತ್ತದೆ.

ಫ್ಲಾಪಿಗೆ ಮುಂಚಿನ ಧರ್ಮವೆಂದರೆ ತ್ಯಾಗ. 52 ಎಲೆಗಳಿಂದ 1326 ಬಗೆಯ ಎರಡೆಲೆಗಳು ಬರಬಹುದು. ಯಾವುದಾದರೊಂದು ಜೋಡಿ ಬರುವುದು 17 ಸಲಕ್ಕೊಮ್ಮೆ. ಎಕ್ಕದ ಜೋಡಿಯಾದರೋ 221ಕ್ಕೊಮ್ಮೆ. ಜೋಡಿಯಲ್ಲದ ಎರಡೆಲೆಗೆ ಫ್ಲಾಪಿನಲ್ಲಿ ಸರಿಜೋಡಿ ದೊರೆಯುವುದು ಮೂರು ಸಲಕ್ಕೆ ಸುಮಾರು ಒಮ್ಮೆ ಮಾತ್ರ. ಆದುದರಿಂದಲೇ ಪಳಗಿದವನು ಬಂದ ಎಲೆಗಳಲ್ಲಿ ಬಹುಪಾಲನ್ನು ಹಣ ಹಾಕದೆ ಬಿಟ್ಟುಬಿಡುತ್ತಾನೆ. ಆಡುವುದಾದರೆ ಸುಮ್ಮನೆ ಸರಿಗಟ್ಟದೆ ಪಣವನ್ನು ಏರಿಸುತ್ತಾನೆ. ಕೊನೆಗೆ ಮಾತಾಡುವವನಿಗೆ ಇತರರ ನಿರ್ಧಾರ ತಿಳಿದಿರುವುದರಿಂದ ಅವನು ಸ್ವಲ್ಪ ಸಡಿಲವಾಗಿರಬಹುದು. ಮೊದಲಿಗನು ಬಹಳ ಬಿಗಿಯಾಗಿರಬೇಕು.

ಫ್ಲಾಪಿನ ನಂತರದ ಧರ್ಮವೆಂದರೆ ಲೆಕ್ಕ. ನಮ್ಮ ಕೈಯಲ್ಲಿ ಎರಡು, ಮೇಜಿನ ಮೇಲೆ ಎರಡು, ಹೀಗೆ ಒಂದೇ ಗುರುತಿನ ನಾಲ್ಕು ಎಲೆಗಳಿವೆಯೆನ್ನಿ. ಕಾಣದ 47 ಎಲೆಗಳಲ್ಲಿ ಬೇಕಾದವು 9. ಮುಂದಿನ ಎಲೆಯಲ್ಲೇ ಅದು ಬರುವ ಸಂಭವ ನೂರಕ್ಕೆ 19. ಎರಡೂ ಎಲೆಗಳನ್ನು ಸೇರಿಸಿದರೆ 35. ಮೇಜಿನಲ್ಲಿ 100 ಇದ್ದು ಎದುರಾಳಿ 50 ಒಡ್ಡಿದರೆ, 150ಕ್ಕಾಗಿ ನಾವು 50 ಕೊಡಬೇಕು. ಇದಕ್ಕೆ ನೂರಕ್ಕೆ 25ರ ಸಂಭವವಾದರೂ ಬೇಕು. ಆ 50ಕ್ಕೆ ಒಂದೇ ಎಲೆ ಕಾಣುವುದಾದರೆ, ಮುಂದೆ ಹೆಚ್ಚು ಗಿಟ್ಟುವ ಭರವಸೆಯಿಲ್ಲದ ಪಕ್ಷದಲ್ಲಿ, ಬಿಡುವುದೇ ಲೇಸು. ಎದುರಾಳಿ ತನ್ನಲ್ಲಿದ್ದುದನ್ನೆಲ್ಲ ಒಡ್ಡಿದ್ದು, ಎರಡೆಲೆಯೂ ಅದೇ ಬೆಲೆಗೆ ಕಾಣುವುದಾದರೆ ಮುಂದುವರಿಯಬಹುದು. ಆಗಲೇ ಹಾಕಿದ ಹಣ ಮಾತ್ರ ಈ ಲೆಕ್ಕದಲ್ಲಿ ನಮ್ಮದಲ್ಲ. "ಇಷ್ಟು ಹಾಕಿಯಾಯಿತು, ಇನ್ನಷ್ಟು ಹೋಗಲಿ" ಎಂಬವನು ಕೆಟ್ಟನೆಂದೇ ತಿಳಿಯಬೇಕು. ಕಳೆದುಕೊಂಡ ಧರ್ಮರಾಯನು ಮತ್ತೆ ಮತ್ತೆ ಒಡ್ಡಿದ ಕಥೆ ನಮಗೆಲ್ಲ ಗೊತ್ತಿರುವುದೇ.

ಹೀಗಿರುವಲ್ಲಿ, ಪೋಕರ್ ಅಂದರ್-ಬಾಹರಿನಂತೆ ಬರಿಯ ಅದೃಷ್ಟದ ಆಟವಲ್ಲವೆಂಬುದನ್ನು ಒಪ್ಪಲೇಬೇಕು. 2017ರಲ್ಲಿ ಲಿಬ್ರೇಟಸ್ ಎಂಬ ಗಣಕಯಂತ್ರದ ಕಾರ್ಯಕ್ರಮವು ನಾಲ್ವರು ವೃತ್ತಿಪರ ಆಟಗಾರರನ್ನು ಸೋಲಿಸಿತು. ಆದರೆ ಆ ಪಂದ್ಯ ನಡೆದದ್ದು 1,20,000 ಆಟಗಳಷ್ಟು ಉದ್ದಕ್ಕೆ! ಕೌಶಲವು ಅದೃಷ್ಟದಿಂದ ಬೇರೆಯಾಗಿ ಕಾಣಬೇಕಾದರೆ ಅಷ್ಟು ದೀರ್ಘವಾದ ಪರೀಕ್ಷೆ ಬೇಕು. ಒಂದು ಸಂಜೆಯ ಮಟ್ಟಿಗೆ ಅದೃಷ್ಟವೇ ಯಜಮಾನ. ಎಕ್ಕದ ಜೋಡಿಯೂ ಒಬ್ಬನೇ ಎದುರಾಳಿಯ ಯಾವುದೋ ಎರಡೆಲೆಗೆ ನೂರರಲ್ಲಿ ಸುಮಾರು 15 ಸಲ ಸೋಲುತ್ತದೆ. ಸಾಲದುದಕ್ಕೆ, ಆಡಿಸುವವನು ಗೆದ್ದ ರಾಶಿಯಿಂದ ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ. ಸಮಬಲರೇ ಆಡಿದರೆ ಕಟ್ಟಕಡೆಗೆ ಎಲ್ಲರೂ ಸೋತು ಅವನೊಬ್ಬನೇ ಗೆಲ್ಲುತ್ತಾನೆ. ಜಾಣನಾದರೆ ಸಾಲದು, ಆ ಪಾಲನ್ನೂ ಮೀರುವಷ್ಟು ಇತರರಿಗಿಂತ ಜಾಣನಾಗಿರಬೇಕು.

ಕಾನೂನೂ ಈ ಪ್ರಶ್ನೆಯಲ್ಲಿ ಹೊಯ್ದಾಡಿದೆ. ಹಣವನ್ನೊಡ್ಡುವ ಆನ್‌ಲೈನ್ ಆಟಗಳನ್ನು ಕರ್ನಾಟಕವು 2021ರಲ್ಲಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ ಅಂತಹ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಕಾಯಿದೆಯ ಮಾತು ಹಾಗಿರಲಿ. ತಂದೆತಾಯಿಗಳು ಬೆವರು ಸುರಿಸಿ ಕೂಡಿಸಿದ ಫೀಸಿನ ಹಣವನ್ನು ಕೌಶಲದ ಹೆಸರಿನಲ್ಲಿ ಒಡ್ಡುವ ಹಕ್ಕು ನಮಗಿಲ್ಲ.

ಆದರೂ ಹಾಸ್ಟೆಲಿನ ಮಿತ್ರರು ಬಿಡುವಿನಲ್ಲಿ ಹುಣಸೆ ಬೀಜವನ್ನೊಡ್ಡಿ ಈ ಆಟವನ್ನು ಕಲಿಯಲಿ. ಸಂಭವಗಣಿತವು ಕರಿಹಲಗೆಗಿಂತ ಅಲ್ಲಿ ಬೇಗ ತಲೆಗೆ ಹತ್ತೀತು. ಕೆಟ್ಟ ಎಲೆಯನ್ನು ಬಿಡಲು ಕಲಿತವನು, ಹಣದ ಆಟಕ್ಕೆ ಕರೆ ಬಂದಾಗ ಮೇಜನ್ನೇ ಬಿಟ್ಟೇಳುವ ಧೈರ್ಯವನ್ನೂ ಕಲಿಯಲಿ ಎಂಬುದೇ ನನ್ನ ಬಿನ್ನಹ.