ಸಲ್ಲಿಸಿದ ಮೇಲೆ 34 ಸೆಕೆಂಡು

ಮುಂಬಯಿಯ ನಮ್ಮವರ ಸಂಘವೊಂದು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಮೂರು ವರ್ಷದಿಂದ ಅರ್ಜಿಯೆಲ್ಲ ಆನ್‌ಲೈನ್. ಈ ಸಲ ಒಂದೇ ಹೆಸರಿನಲ್ಲಿ ಎರಡು, ಮೂರು ಅರ್ಜಿಗಳು ಬಂದಿದ್ದವು. ಇದು ದುರಾಸೆ ಎಂದು ಸಮಿತಿ ಅವನ್ನೆಲ್ಲ ಬದಿಗಿಟ್ಟಿತು. ಫಾರ್ಮ್ ವಿಪರೀತ ನಿಧಾನ ಎಂಬ ದೂರೂ ಇತ್ತು. ದೊಡ್ಡ ಸರ್ವರ್ ತಗೊಳ್ಳಬೇಕೇ ಎಂದು ಕೇಳಲು ಕಾರ್ಯದರ್ಶಿಗಳು ಫೋನ್ ಮಾಡಿದರು. ಮೊದಲು ಅಳೆದು ನೋಡೋಣ ಎಂದೆ.

ಈ ಅಳತೆ ನೀವೂ ಮಾಡಬಹುದು. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ, 'ನೆಟ್‌ವರ್ಕ್' ಆರಿಸಿ, ಆಮೇಲೆ ಫಾರ್ಮ್ ಸಲ್ಲಿಸಿ. ಕಳಿಸಲು ಎಷ್ಟು ಹೊತ್ತು ಹಿಡಿಯಿತು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಇಲ್ಲಿ ಒಟ್ಟು 34 ಸೆಕೆಂಡು. ಅಂಕಪಟ್ಟಿಯ ಸ್ಕ್ಯಾನ್ ಹೋಗಲು 2, ಕಾದದ್ದು 32. ಅಂದರೆ ಮಕ್ಕಳ ಮೊಬೈಲ್ ನೆಟ್‌ವರ್ಕನ್ನು ಬೈದು ಪ್ರಯೋಜನವಿಲ್ಲ, ತಡ ಆಗುತ್ತಿರುವುದು ಸರ್ವರಿನೊಳಗೇ.

ಒಳಗೆ ಎಲ್ಲರ ಗುಮಾನಿ ಡೇಟಾಬೇಸಿನ ಮೇಲೆ. ಮೈಎಸ್‌ಕ್ಯೂಎಲ್‌ನ 'ಸ್ಲೋ ಕ್ವೆರಿ ಲಾಗ್' ಖಾಲಿ ಇತ್ತು, ಆದರೆ ಅಷ್ಟಕ್ಕೇ ಅದು ನಿರಪರಾಧಿ ಅನ್ನುವಂತಿಲ್ಲ. ನಾವಾಗಿ ಆನ್ ಮಾಡದಿದ್ದರೆ ಆ ಲಾಗ್ ಏನೂ ಬರೆಯುವುದಿಲ್ಲ. ಆನ್ ಮಾಡಿದರೂ ಮಿತಿ ಬದಲಿಸದಿದ್ದರೆ 10 ಸೆಕೆಂಡು ಮೀರಿದ್ದಷ್ಟೇ ಅದಕ್ಕೆ ಕಾಣುತ್ತದೆ. ಹಾಗಾಗಿ ಪ್ರತಿ ಹಂತದ ಮೊದಲೂ ಕೊನೆಗೂ ಸಮಯ ಬರೆದಿಡುವ ಒಂದೊಂದು ಸಾಲನ್ನು ಕೋಡಿಗೆ ಸೇರಿಸಿದೆ. ಅರ್ಜಿ, ಅಂಕಪಟ್ಟಿ ಎರಡನ್ನೂ ಉಳಿಸಲು ಅರ್ಧ ಸೆಕೆಂಡೂ ಬೇಕಿರಲಿಲ್ಲ. ಉಳಿದದ್ದೆಲ್ಲ ಇಮೇಲ್! ಸಮಿತಿಯ 11 ಮಂದಿಗೂ ಅಂಕಪಟ್ಟಿ ಲಗತ್ತಿಸಿದ ಒಂದೊಂದು ಮೇಲ್, ಪ್ರತಿಯೊಂದಕ್ಕೂ ಮೇಲ್ ಸರ್ವರಿಗೆ ಹೊಸ ಸಂಪರ್ಕ, ತಲಾ ಸುಮಾರು 3 ಸೆಕೆಂಡು. ಹನ್ನೊಂದನೆಯವರಿಗೆ ಹೋಗಿ ಮುಟ್ಟುವ ತನಕ ವಿದ್ಯಾರ್ಥಿಯ ಮುಂದೆ ಚಕ್ರ ತಿರುಗುತ್ತಲೇ ಇರಬೇಕು. ಮೊದಲ ವರ್ಷ ಸಮಿತಿಯಲ್ಲಿ ಐದೇ ಜನ ಇದ್ದರಂತೆ. ಸಮಿತಿ ಬೆಳೆದ ಹಾಗೆ ಫಾರ್ಮ್ ಕುಂಟಿದೆ.

ಕೊನೆಯ ದಿನ ಅರ್ಜಿಗಳು ಒಟ್ಟಿಗೆ ನುಗ್ಗಿ ಮೇಲ್ ಸರ್ವರೂ ಏದುಸಿರು ಬಿಟ್ಟಿತ್ತು. ಮುಂದೆ ನಿಂತಿದ್ದ ಎಂಜಿನ್‌ಎಕ್ಸ್, ಬೇರೆ ಹೇಳದಿದ್ದರೆ, 60 ಸೆಕೆಂಡು ಕಾದು '504' ಎಂದು ಕೈಚೆಲ್ಲುತ್ತದೆ. ಪರದೆಯ ಮೇಲೆ ದೋಷ ಕಂಡರೂ ಅರ್ಜಿ ಆಗಲೇ ಒಳಗೆ ಸೇರಿಯಾಗಿತ್ತು. ಮತ್ತೆ ಒತ್ತಿದ ಮಕ್ಕಳದು ದುರಾಸೆಯಲ್ಲ, ಹೆದರಿಕೆ. ಯಾರಿಗೆ ಎಷ್ಟು ಗಂಟೆಗೆ 504 ಬಂತು, ಎಷ್ಟು ನಿಮಿಷಕ್ಕೆ ಎರಡನೆಯ ಅರ್ಜಿ ಬಂತು ಎಂದು ಲಾಗಿನಿಂದ ಹೆಕ್ಕಿ, ಮುದ್ರಿಸಿ ಸಭೆಗೆ ಒಯ್ದೆ. ಅರ್ಧ ಗಂಟೆ ವಾದ ನಡೆಯಿತು. ಖಜಾಂಚಿಗಳೇ ಮೊದಲು ಒಪ್ಪಿದರು. ಬದಿಗಿಟ್ಟ ಅರ್ಜಿಗಳೆಲ್ಲ ಮತ್ತೆ ಮೇಜಿಗೆ ಬಂದವು.

ರಿಪೇರಿ ಸಣ್ಣದು. ಅರ್ಜಿ ಉಳಿಸಿ ತಕ್ಷಣ ಸ್ವೀಕೃತಿ ಸಂಖ್ಯೆ ಕೊಡುವುದು, ಮೇಲ್‌ಗಳನ್ನು ಸರದಿಯಲ್ಲಿಟ್ಟು ನಿಮಿಷಕ್ಕೊಮ್ಮೆ ಹಿಂದಿನಿಂದ ಕಳಿಸುವುದು, ಒಂದೇ ಫಾರ್ಮ್ ಎರಡು ಸಲ ಬಂದರೆ ಒಂದೆಂದೇ ಎಣಿಸುವುದು. ಈಗ ಎರಡೂವರೆ ಸೆಕೆಂಡು ಸಾಕು. ಹೊಸ ಸರ್ವರಿನ ಮಾತು ಅಲ್ಲಿಗೇ ನಿಂತಿತು.

ಆದರೂ ಸಮಿತಿಯ ಹಿರಿಯರೊಬ್ಬರಿಗೆ ಅಸಮಾಧಾನ: "ಮೊದಲು ಮೇಲ್ ಆಗಿಂದಾಗ ಬರ್ತಿತ್ತು ಮಾರಾಯ್ರೆ, ಈಗ ಒಂದು ನಿಮಿಷ ಲೇಟು."